ಮೊದಲು ಇವರಿಗೆ

ಹಳೆಯ ಸೀರೆಯನ್ನು ಮನೆಗೆಲಸದವಳಿಗೆ ಕೊಡುವ ಪದ್ಧತಿ ನಮ್ಮವರಲ್ಲಿದೆ. ಅವಳು ಅದನ್ನು ಹಬ್ಬಕ್ಕೆ ಉಟ್ಟುಕೊಂಡು ಬಂದರೆ 'ನಾನೇ ಕೊಟ್ಟಿದ್ದು' ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವ ಪದ್ಧತಿಯೂ ಇದೆ. ಈ ಪದ್ಧತಿ ಸಮುದ್ರ ದಾಟಿ ನೈರೋಬಿಗೂ ಬಂದಿದೆ ಎಂದು ನನಗೆ ಗೊತ್ತಾದದ್ದು ಹದಿಮೂರನೆಯ ವಯಸ್ಸಿನಲ್ಲಿ, ಲ್ಯಾವಿಂಗ್ಟನ್ನಿನ ಒಂದು ಮನೆಯ ಬಾಗಿಲಲ್ಲಿ.

ಮಟಾಟು ಎನ್ನುವ ಬಾಡಿಗೆ ವ್ಯಾನುಗಳಿಗೆಲ್ಲ ಹಳದಿ ಪಟ್ಟಿ ಬಳಿಸಿ, ಸೀಟ್ ಬೆಲ್ಟ್ ಹಾಕಿಸಿದ ವರ್ಷ ಅದು. ಅವತ್ತು ವರಮಹಾಲಕ್ಷ್ಮಿ ಹಬ್ಬ. ಅಮ್ಮ ಹಸಿರು ಮೈಸೂರು ಸಿಲ್ಕ್ ಸೀರೆ ಉಟ್ಟಿದ್ದಳು. ಅಪ್ಪ ಗೇಟಿನಾಚೆ ಕಾರು ನಿಲ್ಲಿಸುತ್ತಿದ್ದರು. ಬಾಗಿಲು ತೆರೆದ ಆಂಟಿ ನನ್ನನ್ನು ನೋಡಿದರು, ಅಮ್ಮನನ್ನು ನೋಡಿದರು, ಸೀರೆಯನ್ನು ನೋಡಿದರು, ನಕ್ಕರು. ಆಮೇಲೆ ಮುರುಕು ಸ್ವಾಹಿಲಿಯಲ್ಲಿ ಅಮ್ಮನನ್ನು ಕೇಳಿದರು: ನಿಮ್ಮ ಮೇಡಂ ಎಲ್ಲಿ, ಹಿಂದೆ ಬರ್ತಿದ್ದಾರಾ? ಇಷ್ಟು ಒಳ್ಳೆ ಸೀರೆ ಕೊಟ್ಟಿದ್ದಾರಲ್ಲ, ಪುಣ್ಯಾತ್ಗಿತ್ತಿ.

ನನ್ನ ಅಮ್ಮ ಕೀನ್ಯಾದವಳು, ಕಿಕುಯು ಜನಾಂಗದವಳು. ವೃತ್ತಿಯಲ್ಲಿ ನರ್ಸ್. ಅಪ್ಪ ಮೈಸೂರಿನವರು, ನೈರೋಬಿಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು. ನಾವು ಮೂವರೂ ಸೌತ್ ಬಿ ಎಂಬ ಬಡಾವಣೆಯಲ್ಲಿ ಎರಡು ರೂಮಿನ ಮನೆಯಲ್ಲಿದ್ದೆವು. ಮದುವೆಯಾದ ಹೊಸದರಲ್ಲಿ ಅಪ್ಪ ಅಮ್ಮನನ್ನು ಮೈಸೂರಿಗೆ ಕರೆದುಕೊಂಡು ಹೋದಾಗ, ಅಜ್ಜಿ ಮೊದಲು ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ಶುಕ್ರವಾರ. ಅಮ್ಮನನ್ನು ಮಣೆಯ ಮೇಲೆ ಕೂರಿಸಿ, ಹಣೆಗೆ ಕುಂಕುಮ ಇಟ್ಟು, ತನ್ನ ಬೆಳ್ಳಿಯ ಕುಂಕುಮದ ಭರಣಿಯನ್ನೂ ಈ ಹಸಿರು ಸೀರೆಯನ್ನೂ ಕೊಟ್ಟರಂತೆ. ಅಂದಿನಿಂದ ಅಮ್ಮ ಶುಕ್ರವಾರ ಕುಂಕುಮ ಇಡುತ್ತಾಳೆ, ಭಾನುವಾರ ಚರ್ಚಿಗೆ ಹೋಗುತ್ತಾಳೆ. ಇಬ್ಬರು ದೇವರೂ ಈವರೆಗೆ ತಕರಾರು ಮಾಡಿಲ್ಲ. ತಕರಾರು ಮಾಡಿದವರೆಲ್ಲ ಮನುಷ್ಯರೇ.

"ಇವರು ನನ್ನ ಅಮ್ಮ" ಎಂದೆ. ಕನ್ನಡದಲ್ಲೇ ಎಂದೆ. ಆಂಟಿ ನಾಲಿಗೆ ಕಚ್ಚಿಕೊಂಡು, "ಅಯ್ಯೋ ಸಾರಿ ಸಾರಿ, ಬನ್ನಿ ಬನ್ನಿ" ಎನ್ನುತ್ತಾ ಒಳಗೆ ಕರೆದರು. ಅಮ್ಮ ನಗುತ್ತಲೇ ಒಳಗೆ ಹೋದಳು. ಆಸ್ಪತ್ರೆಯಲ್ಲಿ ರೋಗಿಗಳ ಬೈಗುಳ ಕೇಳಿ ಕೇಳಿ ಅವಳಿಗೆ ಅದು ಅಭ್ಯಾಸ. ನನಗೆ ಆ ಅಭ್ಯಾಸ ಇರಲಿಲ್ಲ, ಈಗಲೂ ಇಲ್ಲ.

ಇರಲಿ, ಮೊದಲನೆಯದು ತಪ್ಪು ತಿಳುವಳಿಕೆ ಎಂದೇ ಇಟ್ಟುಕೊಳ್ಳೋಣ. ಎರಡನೆಯದಕ್ಕೆ ಏನು ಹೇಳುತ್ತೀರಿ? ಪೂಜೆ ಮುಗಿದು, ಹೆಂಗಸರೆಲ್ಲ ಜಮಖಾನದ ಮೇಲೆ ಸಾಲಾಗಿ ಕೂತಿದ್ದಾಗ, ಆಂಟಿ ಬೆಳ್ಳಿ ತಟ್ಟೆ ಹಿಡಿದು ಒಬ್ಬೊಬ್ಬರಿಗೂ ಅರಿಶಿನ ಕುಂಕುಮ ಕೊಡುತ್ತಾ ಬಂದರು. ಮುತ್ತೈದೆ ಯಾರೇ ಆಗಲಿ, ಅರಿಶಿನ ಕುಂಕುಮ ತೆಗೆದುಕೊಳ್ಳದೆ ಮನೆಯಿಂದ ಹೋಗಬಾರದು ಎನ್ನುತ್ತಾರಲ್ಲ, ಅದೇ ತಟ್ಟೆ. ಅಮ್ಮನ ಎಡಗಡೆ ಕೂತಿದ್ದವರಿಗೆ ಕೊಟ್ಟರು. ಅಮ್ಮ ತಲೆ ಸ್ವಲ್ಪ ಮುಂದೆ ಬಗ್ಗಿಸಿದಳು, ಅಜ್ಜಿ ಹೇಳಿಕೊಟ್ಟಿದ್ದ ಹಾಗೆ. ತಟ್ಟೆ ಅಮ್ಮನ ಮುಂದಿನಿಂದ ಹಾದು ಬಲಗಡೆಯವರ ಹತ್ತಿರ ನಿಂತಿತು. ಅಮ್ಮ ಬಗ್ಗಿಸಿದ ತಲೆಯನ್ನು ಮೇಲೆತ್ತಿ, ಸೆರಗು ಸರಿಮಾಡಿಕೊಳ್ಳಬೇಕಿತ್ತು ಎಂಬಂತೆ ಸರಿಮಾಡಿಕೊಂಡಳು.

ಅದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಆ ಸಾಲಿನಲ್ಲಿದ್ದ ಹೆಂಗಸರೆಲ್ಲ ನೋಡಿದರು. ಡಾಕ್ಟರುಗಳಿದ್ದರು, ಟೀಚರುಗಳಿದ್ದರು. ಒಬ್ಬರಾದರೂ ಬಾಯಿ ಬಿಡಬೇಡವೇ? ಕೋಸಂಬರಿ ಚೆನ್ನಾಗಿದೆ ಎಂದು ಮಾತಾಡಿಕೊಂಡರು.

ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿ ಆ ಮನೆಯ ಕೆಲಸದಾಕೆ ಪಾತ್ರೆ ತೊಳೆಯುತ್ತಿದ್ದಳು. ಅಮ್ಮನ ವಯಸ್ಸಿನವಳೇ. ಕಾಯಿ ತುರಿದವಳು, ಆ ಬೆಳ್ಳಿ ತಟ್ಟೆಯನ್ನು ಉಜ್ಜಿ ಫಳಫಳ ಮಾಡಿದವಳು ಅವಳೇ. ಇಬ್ಬರೂ ತುಂಬ ಹೊತ್ತು ತಮ್ಮ ಭಾಷೆಯಲ್ಲಿ ಮಾತಾಡಿದರು. ಅವಳ ಗಂಡ ಊರಲ್ಲಿ ಜೋಳದ ಹೊಲ ನೋಡಿಕೊಳ್ಳುತ್ತಾನಂತೆ, ಮಕ್ಕಳು ಅವನ ಹತ್ತಿರವೇ ಇದ್ದಾರಂತೆ. ಕನ್ನಡದವರ ರಾಜ್ಯೋತ್ಸವ ಬಂದರೆ ಈ ತಟ್ಟೆಯ ಜೊತೆ ಅವಳೂ ಅಲ್ಲಿಗೆ ಹೋಗಬೇಕಂತೆ. ಹೊರಡುವಾಗ ಅಮ್ಮ ಅವಳ ಕೈ ಹಿಡಿದು ವಿದಾಯ ಹೇಳಿದಳು. ಆಂಟಿಗೆ ಬರೀ "ಅಸಾಂಟೆ", ಅಂದರೆ ಥ್ಯಾಂಕ್ಸ್, ಎಂದಳು.

ಕಾರಿನಲ್ಲಿ ನಾನು ಕೂಗಾಡಿದೆ. ನಾನು ಹೇಳಿದ ಮೇಲೂ ಅಮ್ಮನನ್ನು ಆಯಾ ಥರಾನೇ ನೋಡಿದರು, ಅದಕ್ಕೇ ಕುಂಕುಮ ಕೊಡಲಿಲ್ಲ, ಅಮ್ಮ ಆಯಾ ಅಲ್ಲ ಅಂತ ಅಪ್ಪ ಹೋಗಿ ಹೇಳಬೇಕು ಎಂದೆಲ್ಲ ರಂಪ ಮಾಡಿದೆ. ಅಪ್ಪ ಸ್ಟಿಯರಿಂಗ್ ನೋಡುತ್ತಾ, "ಹೋಗ್ಲಿ ಬಿಡು ಕಂದಾ" ಎಂದರು. ಅಮ್ಮ ಮಾತ್ರ ಹಿಂದೆ ತಿರುಗಿ, ತನ್ನ ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು: "ನಾನು ಆಯಾನೇ ಆಗಿದ್ದಿದ್ರೆ?"

ಅಮ್ಮ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಸ್ಕೂಲಿನಲ್ಲಿ ನನ್ನನ್ನು ಪಾಯಿಂಟ್ ಫೈವ್ ಎನ್ನುತ್ತಿದ್ದರು. ಅಂದರೆ ಅರ್ಧ. ಅಮ್ಮನ ಊರಿಗೆ ಹೋದರೆ ಅಕ್ಕಪಕ್ಕದ ಮಕ್ಕಳು 'ಮುಹಿಂದಿ', ಅಂದರೆ ಇಂಡಿಯಾದವಳು, ಎಂದು ಕೂಗಿ ಓಡುತ್ತಿದ್ದರು. ಅವಕ್ಕೆಲ್ಲ ನಾನು ತಿರುಗಿ ಬೈದು ಸುಮ್ಮನಾಗುತ್ತಿದ್ದೆ. ಆದರೆ ಹಾದುಹೋದ ಆ ತಟ್ಟೆಯನ್ನು ಬೈಯುವುದು ಹೇಗೆ? ಅವತ್ತು ರಾತ್ರಿ ಊಟದ ಮೇಜಿನಲ್ಲಿ ಅಪ್ಪನಿಗೆ ಹೇಳಿದೆ, "ನಂಗೆ ಕನ್ನಡ ಓದೋಕೆ ಬರೆಯೋಕೆ ಹೇಳ್ಕೊಡಿ. ನಾಳೆಯಿಂದಾನೇ."

ಮಾತಾಡಲು ನನಗೆ ಮೊದಲೇ ಬರುತ್ತಿತ್ತು. ಅಪ್ಪ ನನ್ನೊಂದಿಗೆ ಬೇರೆ ಭಾಷೆ ಆಡುತ್ತಿರಲಿಲ್ಲ, ಅಜ್ಜಿ ಫೋನಿನಲ್ಲಿ ಬೇರೆ ಭಾಷೆಗೆ ಉತ್ತರ ಕೊಡುತ್ತಿರಲಿಲ್ಲ. ಆದರೆ ಅಕ್ಷರ ಗೊತ್ತಿರಲಿಲ್ಲ. ದಿನಾ ಸಂಜೆ ಅಪ್ಪ ಹೋಂವರ್ಕ್ ತಿದ್ದುವ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ಅಕ್ಷರ ತಿದ್ದಿದೆ. ಒತ್ತಕ್ಷರಗಳು ಪ್ರಾಣ ತಿಂದವು. ನಿದ್ದೆ ಬಂದಾಗ ಅಮ್ಮ ಬಗ್ಗಿಸಿದ ತಲೆಯನ್ನು ನೆನೆಸಿಕೊಳ್ಳುತ್ತಿದ್ದೆ, ನಿದ್ದೆ ಹಾರಿಹೋಗುತ್ತಿತ್ತು. ಒಳ್ಳೆಯ ಮಾತಿನಿಂದ ಮಕ್ಕಳು ಕಲಿಯುತ್ತಾರೆ ಎಂದು ದೊಡ್ಡವರು ಭಾಷಣ ಮಾಡುತ್ತಾರೆ. ನಾನು ಸಿಟ್ಟಿನಿಂದ ಕಲಿತೆ. ಬೇಗ ಕಲಿತೆ.

ನನಗೆ ಬೇಕಾಗಿದ್ದದ್ದು ಒಂದೇ. ಪ್ರತಿ ನವೆಂಬರಿನಲ್ಲಿ ನೈರೋಬಿಯ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡುತ್ತಿದ್ದರು. ಆ ಸ್ಟೇಜಿನ ಮೇಲೆ ನಿಂತು, ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಆ ಆಂಟಿಯ ಎದುರು ಕನ್ನಡದಲ್ಲಿ ಮಾತಾಡಬೇಕು. ಈ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳು ನಾನು, ಈ ಭಾಷೆ ನನ್ನದು, ಈಗ ಹೇಳಿ ಯಾರು ಹೊರಗಿನವರು ಎಂದು ಅವರ ಮುಖಕ್ಕೆ ಹೇಳದೆಯೇ ಹೇಳಬೇಕು.

ಸೆಪ್ಟೆಂಬರಿನಿಂದ ಶನಿವಾರಗಳಂದು ಮಕ್ಕಳ ತಾಲೀಮು ನಡೆಯುತ್ತಿತ್ತು. ನಡೆಸುತ್ತಿದ್ದವರು ಒಬ್ಬ ನಿವೃತ್ತ ಮೇಷ್ಟ್ರು, ನೈರೋಬಿಗೆ ಬಂದು ಅರ್ಧ ಆಯುಸ್ಸು ಕಳೆದವರು. ಹುಡುಗರನ್ನು ಅವರು ಕನ್ನಡದಲ್ಲಿ ಏನೇ ಕೇಳಲಿ, ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. "ನಿನ್ನ ಹೆಸರು ಹೇಳಮ್ಮ" ಎಂದರೆ "ಮೈ ನೇಮ್ ಈಸ್" ಎಂದು ಶುರುಮಾಡುತ್ತಿದ್ದರು. ನಿರೂಪಣೆ ಯಾರು ಮಾಡುತ್ತಾರೆ ಎಂಬ ಮಾತು ಬಂದಾಗ ಮೇಷ್ಟ್ರು ಒಂದು ಹಾಳೆ ಕೊಟ್ಟು ಎಲ್ಲರಿಗೂ ಓದಲು ಹೇಳಿದರು. ನನ್ನ ಸರದಿ ಬಂತು, ಓದಿದೆ. ಮೇಷ್ಟ್ರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಇವಳೇ ಮಾಡ್ಲಿ. ಬೇರೆ ಯಾರಿಗೆ ಬರುತ್ತೆ?" ಎಂದರು.

ಅವತ್ತು ಮನೆಗೆ ಹೇಗೆ ಬಂದೆನೋ. ಅಮ್ಮ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ, ಆ ದಿನದ ಡ್ಯೂಟಿಯನ್ನು ಬೇರೆಯವರಿಗೆ ವಹಿಸಿದಳು. ಕ್ಯಾಮೆರಾಕ್ಕೆ ಹೊಸ ರೋಲ್ ತಂದಳು. ಅಜ್ಜಿ ಮೈಸೂರಿನಿಂದ ಬರುವವರ ಕೈಯಲ್ಲಿ ನನಗೆ ರೇಷ್ಮೆ ಲಂಗ ಕಳಿಸಿದರು.

ಕಾರ್ಯಕ್ರಮಕ್ಕೆ ಒಂದು ವಾರ ಇದ್ದಾಗ ಲ್ಯಾವಿಂಗ್ಟನ್ ಆಂಟಿ ತಾಲೀಮಿಗೆ ಬಂದರು. ಕನ್ನಡ ಸಂಘದಲ್ಲಿ ಅವರದೇ ದರ್ಬಾರು. ನನ್ನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದರು.

"ಪುಟ್ಟಾ, ನಿನ್ನ ವಾಯ್ಸ್ ಎಷ್ಟು ಸ್ವೀಟಾಗಿದೆ ಗೊತ್ತಾ. ನಂದೊಂದು ಐಡಿಯಾ. ನೀನು ಸೈಡಲ್ಲಿ, ಪರದೆ ಹಿಂದೆ ಮೈಕ್ ಹಿಡ್ಕೊಂಡು ಹೇಳು. ಸ್ಟೇಜ್ ಮೇಲೆ ನನ್ನ ಮಗಳು ನಿಂತ್ಕೊಂಡು ಲಿಪ್ಸ್ ಮೂವ್ ಮಾಡ್ತಾಳೆ, ಅಷ್ಟೆ."

"ಯಾಕೆ ಆಂಟಿ?"

"ಗೆಸ್ಟ್‌ಗಳು ಬರ್ತಾರೆ. ಫೋಟೋ ಎಲ್ಲ ಊರಿಗೆ ಹೋಗುತ್ತೆ. ನೋಡೋರಿಗೆ ನಮ್ಮ ಕನ್ನಡದ ಹುಡುಗಿ ಥರ ಕಾಣ್ಬೇಕಲ್ವಾ. ತಪ್ಪು ತಿಳ್ಕೋಬೇಡ. ನಿನ್ನ ಕೂದಲು, ಕಲರ್ರು... ಜನ ಕನ್‌ಫ್ಯೂಸ್ ಆಗ್ತಾರೆ."

ಅವರ ಮಗಳು ಅಲ್ಲೇ ಇದ್ದಳು. ನನ್ನ ಸ್ಕೂಲಿನವಳೇ, ಕೆಟ್ಟವಳಲ್ಲ. "ಮಮ್ಮಿ, ದಟ್ಸ್ ಸೋ ಎಂಬರಾಸಿಂಗ್" ಎಂದು ಮುಖ ಮುಚ್ಚಿಕೊಂಡಳು. ನಾನು ಮೇಷ್ಟ್ರ ಕಡೆ ನೋಡಿದೆ. ಒಂದು ಮಾತು ಆಡುತ್ತಾರೆ ಎಂದು ಕಾದೆ. ಅವರು ಕುರ್ಚಿಗಳನ್ನು ಜೋಡಿಸಲು ಹೊರಟುಹೋದರು. ಕುರ್ಚಿಗಳು ಮೊದಲೇ ಜೋಡಿಸಿಯಾಗಿದ್ದವು.

ನನ್ನ ನಾಲಿಗೆ ಬೇಕು, ನನ್ನ ಮುಖ ಬೇಡ. ನನ್ನಪ್ಪ ಕೊಟ್ಟದ್ದು ಬೇಕು, ನನ್ನಮ್ಮ ಕೊಟ್ಟದ್ದು ಬೇಡ. ಇಷ್ಟನ್ನು ಹೆಗಲ ಮೇಲೆ ಕೈ ಹಾಕಿ, ಪುಟ್ಟಾ ಎಂದು ಕರೆದು ಹೇಳಿದರಲ್ಲ, ಆ ಕೈಯನ್ನು ಕಚ್ಚಿಬಿಡಬೇಕಿತ್ತು.

ಮನೆಗೆ ಬಂದು ಅಪ್ಪನಿಗೆ ಮಾತ್ರ ಹೇಳಿದೆ. ಅಪ್ಪ ತಿದ್ದುತ್ತಿದ್ದ ಹೋಂವರ್ಕ್ ಹಾಳೆಗಳನ್ನು ಜೋಡಿಸಿಟ್ಟರು. ಆಮೇಲೆ ಹೇಳಿದರು, "ಹೋಗ್ಲಿ ಬಿಡು ಕಂದಾ. ಗಲಾಟೆ ಮಾಡಿದ್ರೆ ಮುಂದೆ ಕರೆಯೋದೂ ಇಲ್ಲ. ನಿನ್ನ ಕನ್ನಡ ಎಲ್ಲರೂ ಕೇಳ್ತಾರಲ್ಲ." ನನ್ನ ಅಪ್ಪ ಒಳ್ಳೆಯವರು, ಆದರೆ ಅವರ ಈ 'ಹೋಗ್ಲಿ ಬಿಡು' ಇದೆಯಲ್ಲ, ಅದನ್ನು ಕೇಳಿದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಸ್ವಂತ ಅಣ್ಣ ಮದುವೆಗೆ ಬರಲಿಲ್ಲ, ಹೋಗ್ಲಿ ಬಿಡು. ನಮ್ಮ ಮೂವರನ್ನು ನೋಡಿದ ಮೇಲೆ ಬಾಡಿಗೆಗೆ ಮನೆ ಇಲ್ಲ ಎಂದರು, ಹೋಗ್ಲಿ ಬಿಡು. ಬಿಟ್ಟು ಬಿಟ್ಟು ನಮಗೆ ಉಳಿದದ್ದೇನು? ಆದರೂ ಅವರ ಮುಖ ನೋಡಿ ಒಪ್ಪಿಕೊಂಡೆ. ಒಂದೇ ಷರತ್ತು ಹಾಕಿದೆ: ಅಮ್ಮನಿಗೆ ಅವರೇ ಹೇಳಬೇಕು. ಅಪ್ಪ ಹೇಳುತ್ತೇನೆ ಎಂದರು. ಹೇಳಲಿಲ್ಲ.

ಕಾರ್ಯಕ್ರಮದ ದಿನ ಬೆಳಗ್ಗೆ ಅಮ್ಮ ನನ್ನ ಕೂದಲನ್ನು ನೆತ್ತಿಗೆ ಅಂಟಿದ ಸಣ್ಣ ಸಣ್ಣ ಜಡೆಗಳಾಗಿ ಹೆಣೆದಳು. ಹೆಣೆಯುತ್ತಾ ಕೇಳಿದಳು: 'ಮೊದಲು ಇವರಿಗೆ ಕೊಡಿ' ಅನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳುತ್ತಾರೆ? ಹೇಳಿಕೊಟ್ಟೆ. ಊಟದ ಸಾಲಿನಲ್ಲಿ ವಯಸ್ಸಾದವರಿಗೆ ಜಾಗ ಬಿಡಲಿಕ್ಕೆ ಇರಬೇಕು ಎಂದುಕೊಂಡೆ. ಅಮ್ಮ ಅದನ್ನು ಬಾಯಲ್ಲೇ ನಾಲ್ಕೈದು ಸಲ ಹೇಳಿಕೊಂಡಳು. 'ಮೊದಲು' ಸರಿಯಾಗಿ ಬರುವವರೆಗೆ ಬಿಡಲಿಲ್ಲ.

ಹಾಲ್ ತುಂಬಿತ್ತು. ನಾನು ರೇಷ್ಮೆ ಲಂಗ ಉಟ್ಟು, ಪರದೆಯ ಹಿಂದೆ ಧೂಳಿನಲ್ಲಿ ನಿಂತೆ. ಆಂಟಿಯ ಮಗಳು ಸ್ಟೇಜಿನ ನಡುವೆ ನಿಂತಳು. ಅವಳ ಕೈಯಲ್ಲೂ ಒಂದು ಮೈಕ್ ಇತ್ತು, ಅದನ್ನು ಆನ್ ಮಾಡಿರಲಿಲ್ಲ. ನಾನು ಸ್ವಾಗತ ಹೇಳಿದೆ, ಅವಳು ಬಾಯಿ ಆಡಿಸಿದಳು. ಚಪ್ಪಾಳೆ ಬಿತ್ತು. ಆಂಟಿ ಸ್ಟೇಜಿನ ಮಗ್ಗುಲಲ್ಲೇ, ನನಗೆ ಕೇಳಿಸುವಷ್ಟು ಹತ್ತಿರ ಕೂತಿದ್ದರು. ಯಾರೋ ಒಬ್ಬರು ಅವರಿಗೆ ಹೇಳಿದರು, "ಎಷ್ಟು ಚೆಂದ ಕನ್ನಡ ಮಾತಾಡ್ತಾಳ್ರೀ ನಿಮ್ಮ ಮಗಳು. ಈ ದೇಶದಲ್ಲಿ ಬೆಳೆದು."

"ಥ್ಯಾಂಕ್ಸ್. ಮನೇಲಿ ಕನ್ನಡಾನೇ ನಾವು" ಎಂದರು ಆಂಟಿ.

ಅದನ್ನೂ ನುಂಗಿಕೊಂಡೆ. ಆಮೇಲೆ ಪರದೆಯ ಸಂದಿಯಿಂದ ಅಮ್ಮ ಕಂಡಳು. ಎರಡನೆಯ ಸಾಲಿನಲ್ಲಿ ಹಸಿರು ಸೀರೆಯಲ್ಲಿ, ತೊಡೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡು ಅದಕ್ಕೆ ರೋಲ್ ಹಾಕುತ್ತಾ ಕೂತಿದ್ದಳು. ನಾನು ಮುಂದಿನ ನೃತ್ಯದ ವಿವರ ಹೇಳಲು ಶುರುಮಾಡಿದ ಕೂಡಲೇ ಅವಳು ತಲೆ ಎತ್ತಿದಳು. ಕನ್ನಡ ಅರ್ಥವಾಗದಿದ್ದರೂ ಮಗಳ ದನಿ ಗೊತ್ತಾಗುವುದಿಲ್ಲವೇ? ಸ್ಟೇಜಿನ ಮೇಲಿನ ಹುಡುಗಿಯನ್ನು ನೋಡಿದಳು. ಆಮೇಲೆ ಗೋಡೆಯ ಮೇಲಿದ್ದ ಸ್ಪೀಕರ್ ಡಬ್ಬವನ್ನು ನೋಡಿದಳು. ಅಪ್ಪನ ತೋಳು ಮುಟ್ಟಿ ಏನೋ ಕೇಳಿದಳು, ಅಪ್ಪ ನೆಲ ನೋಡಿದರು. ಅಮ್ಮ ಕ್ಯಾಮೆರಾವನ್ನು ನಿಧಾನಕ್ಕೆ ಕವರಿನೊಳಗೆ ಹಾಕತೊಡಗಿದಳು. ತಟ್ಟೆ ಹಾದುಹೋದಾಗ ಸೆರಗು ಸರಿಮಾಡಿಕೊಂಡ ಅದೇ ಮುಖ.

ಮೈಕಿನ ವೈರು ಉದ್ದವಾಗಿತ್ತು. ಮಾತು ನಿಲ್ಲಿಸದೆ, ಹೇಳುತ್ತಿದ್ದ ವಾಕ್ಯವನ್ನು ಹೇಳುತ್ತಲೇ ಪರದೆ ಸರಿಸಿ ಹೊರಗೆ ಬಂದೆ. ಸ್ಟೇಜಿನ ನಡುವೆ ಹೋಗಿ ನಿಂತು ಆ ವಾಕ್ಯ ಮುಗಿಸಿದೆ. ಆಂಟಿಯ ಮಗಳು ಆಡಿಸುತ್ತಿದ್ದ ಬಾಯಿ ಮುಚ್ಚಿ, "ಥ್ಯಾಂಕ್ ಗಾಡ್" ಎಂದು ಪಿಸುಗುಟ್ಟಿ, ಮೆಟ್ಟಿಲಿಳಿದು ಹೋದಳು. ಆಂಟಿ ಪರದೆಯ ಮಗ್ಗುಲಿನಿಂದ ಒಳಗೆ ಬಾ ಎಂದು ಕೈಸನ್ನೆ ಮಾಡುತ್ತಿದ್ದರು. ನಾನು ಅವರ ಕಡೆ ನೋಡಿ, ಮೈಕಿನಲ್ಲೇ ಹೇಳಿದೆ: "ಇಷ್ಟು ಹೊತ್ತು ಮಾತಾಡಿದ್ದು ನಾನು. ಅಗೋ, ಹಸಿರು ಸೀರೆ ಉಟ್ಟು ಕೂತಿದ್ದಾರಲ್ಲ, ಅವರು ನನ್ನ ಅಮ್ಮ. ಉಳಿದದ್ದನ್ನೂ ನಾನೇ ಹೇಳ್ತೀನಿ, ಇಲ್ಲೇ ನಿಂತು."

ಆಗ ಅಮ್ಮ ಎದ್ದು ನಿಂತಳು. ನಾಲಿಗೆ ಆಡಿಸುತ್ತಾ ಉದ್ದಕ್ಕೆ ಕೂಗಿದಳು. ಅವಳ ಊರಲ್ಲಿ ಮಗು ಹುಟ್ಟಿದಾಗ, ಮದುವೆಯಾದಾಗ ಹೆಂಗಸರು ಕೂಗುವ ಕೂಗು ಅದು. ಆ ರಾಜ್ಯೋತ್ಸವ ಹಿಂದೆಂದೂ ಅಂಥದ್ದನ್ನು ಕೇಳಿರಲಿಲ್ಲ. ಹಿಂದಿನ ಸಾಲಿನ ಹುಡುಗರು ಹೋ ಎಂದರು, ಒಂದಿಷ್ಟು ಜನ ಚಪ್ಪಾಳೆ ತಟ್ಟಿದರು, ಒಂದಿಷ್ಟು ಜನ ತಟ್ಟಲಿಲ್ಲ. ನಾನು ಕೊನೆಯ ವಂದನಾರ್ಪಣೆಯವರೆಗೆ ಅಲ್ಲೇ ನಿಂತು ನಿರೂಪಣೆ ಮಾಡಿದೆ. ಅಮ್ಮ ರೋಲ್ ಖಾಲಿ ಮಾಡಿದಳು.

ಮುಗಿದ ಮೇಲೆ ಬಾಗಿಲಲ್ಲಿ ಆಂಟಿ ಬೆಳ್ಳಿ ತಟ್ಟೆ ಹಿಡಿದು ನಿಂತಿದ್ದರು. ಹೊರಗೆ ಹೋಗುವ ಹೆಂಗಸರಿಗೆಲ್ಲ ಅರಿಶಿನ ಕುಂಕುಮ. ಅವರ ಮನೆಯ ಕೆಲಸದಾಕೆಯೂ ಅವರ ಹಿಂದೆಯೇ ನಿಂತಿದ್ದಳು, ಕೈಯಲ್ಲಿ ತೆಂಗಿನಕಾಯಿಯ ಬುಟ್ಟಿ ಹೊತ್ತುಕೊಂಡು. ಊಟ ಬಡಿಸಲು, ಪಾತ್ರೆ ತೊಳೆಯಲು ಅವಳನ್ನು ಕರೆತಂದಿದ್ದರು. ನಮ್ಮ ಸರದಿ ಬಂತು. ಹಿಂದೆ ಸಾಲು, ಎಲ್ಲರ ಕಣ್ಣೂ ನಮ್ಮ ಮೇಲೆ. ಈ ಸಲ ಆಂಟಿ ಹಲ್ಲು ಕಿರಿದು, ತಟ್ಟೆಯನ್ನು ಅಮ್ಮನ ಮುಂದೆ ತಂದೇ ಹಿಡಿದರು. ಕುಂಕುಮದಲ್ಲಿ ಅದ್ದಿದ ಬೆರಳನ್ನು ಅಮ್ಮನ ಹಣೆಯ ಕಡೆ ಚಾಚಿದರು.

ಅಮ್ಮ ತಲೆ ಬಗ್ಗಿಸಲಿಲ್ಲ. ಬೆಳಗ್ಗೆ ಕಲಿತದ್ದನ್ನು ಹೇಳಿದಳು.

"ಮೊದಲು ಇವರಿಗೆ."

ಕೈ ತೋರಿಸಿದ್ದು ಬುಟ್ಟಿ ಹೊತ್ತು ನಿಂತವಳ ಕಡೆಗೆ. ಅವಳು ಗಾಬರಿಯಾಗಿ, "ಸವಾ ಮಾಮಾ, ಸವಾ" ಎಂದು ಹಿಂದೆ ಸರಿದಳು, ಇರಲಿ ಬಿಡಿ ಅಮ್ಮ ಎನ್ನುವಂತೆ. ಆಂಟಿ ನಗುತ್ತಲೇ ನನ್ನ ಕಡೆ ತಿರುಗಿದರು. "ಅವಳಿಗೆ ಇದೆಲ್ಲ ಏನು ಗೊತ್ತಾಗುತ್ತೆ ಹೇಳು ನಿಮ್ಮಮ್ಮಂಗೆ."

ಅಮ್ಮನಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅಮ್ಮ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಅದನ್ನು ನಾನು ಸಾಲಿನ ಕೊನೆಯವರಿಗೂ ಕೇಳುವ ಹಾಗೆ ಕನ್ನಡದಲ್ಲಿ ಹೇಳಿದೆ: "ನನಗೂ ಏನೂ ಗೊತ್ತಿರಲಿಲ್ಲ. ನಮ್ಮ ಅತ್ತೆ ಇಟ್ಟರು, ಗೊತ್ತಾಯ್ತು. ಇವರಿಗೂ ಗಂಡ ಇದ್ದಾನೆ, ಮಕ್ಕಳಿದ್ದಾರೆ. ಇವರಿಗೆ ಕೊಡದೆ ಇರೋ ಕುಂಕುಮ ನನಗೂ ಬೇಡ."

ಸಾಲು ಮುಂದೆ ಹೋಗಲಿಲ್ಲ. ಅಪ್ಪ ಏನೋ ಹೇಳಲು ಬಾಯಿ ತೆರೆದರು. ನಾನು ಅವರನ್ನೇ ನೋಡಿದೆ. ಬಾಯಿ ಮುಚ್ಚಿಕೊಂಡರು. ಆಮೇಲೆ ಮುಂದೆ ಬಂದು, ಆ ಹೆಂಗಸಿನ ಕೈಯಲ್ಲಿದ್ದ ತೆಂಗಿನಕಾಯಿಯ ಬುಟ್ಟಿಯನ್ನು ತಾವು ಹಿಡಿದುಕೊಂಡು ನಿಂತರು.

ಆಂಟಿಗೆ ಬೇರೆ ದಾರಿ ಇರಲಿಲ್ಲ. ತಿರುಗಿದರು, ಕೈ ಚಾಚಿದರು, ಇಟ್ಟರು. ಆ ಹೆಂಗಸು ಬೆರಳಿನಿಂದ ಹಣೆ ಮುಟ್ಟಿ, ಬೆರಳಿಗೆ ಹತ್ತಿದ ಕೆಂಪನ್ನು ನೋಡಿಕೊಂಡಳು. ಎಷ್ಟು ವರ್ಷದಿಂದ ಆ ತಟ್ಟೆ ಉಜ್ಜುತ್ತಿದ್ದಳೋ. ಆಕಾಶ ಕಳಚಿ ಬೀಳಲಿಲ್ಲ, ಯಾವ ದೇವರೂ ಮುನಿಯಲಿಲ್ಲ, ಆಂಟಿಯ ಬೆರಳಿಗೂ ಏನೂ ಆಗಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಯಿತು. ಅಷ್ಟು ಸುಲಭದ ಕೆಲಸ ಅದು.